ಖಾಲಿ ಸೀಟಿಗೆ ಜೊತೆಗಾರರು ಸಿಗಬೇಕಾದರೆ: ಕಾರ್‌ಪೂಲ್ ಕಟ್ಟುವವರಿಗೆ ಒಂದು ಮಾರ್ಗದರ್ಶಿ

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಸಿಲ್ಕ್ ಬೋರ್ಡ್‌ನಿಂದ ಮಾರತ್‌ಹಳ್ಳಿಯ ಕಡೆಗೆ ತೆವಳುವ ಕಾರುಗಳಲ್ಲಿ ಎಷ್ಟೋ ಕಾರುಗಳೊಳಗೆ ಓಡಿಸುವವರೊಬ್ಬರೇ ಕುಳಿತಿರುವುದನ್ನು ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವವರೆಲ್ಲ ಕಂಡೇ ಇರುತ್ತಾರೆ. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಈ ನಗರದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಪೆಟ್ರೋಲ್ ದುಬಾರಿ, ಕಚೇರಿಯಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ, ಪಕ್ಕದ ಬ್ಲಾಕಿನವರೂ ಅದೇ ಟೆಕ್ ಪಾರ್ಕಿಗೆ ಹೋಗುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಒಂದರ ಹಿಂದೊಂದು ಗೇಟು ದಾಟುತ್ತಾರೆ. ಇದನ್ನು ಸ್ವಾರ್ಥವೆಂದೋ ಪ್ರತಿಷ್ಠೆಯೆಂದೋ ಬೈದುಕೊಂಡು, ಒಂದೇ ಕಾರಿನಲ್ಲಿ ಹಲವರು ಸೇರಿ ಹೋಗುವ ಕಾರ್‌ಪೂಲ್ ಕಟ್ಟಲು ಹೊರಟವರಿಗೆ ಒಂದು ತಿಂಗಳೊಳಗೆ ಸುಸ್ತಾಗುತ್ತದೆ.

ಕಾರು ಹಂಚಿಕೊಳ್ಳಬೇಕೇ ಬೇಡವೇ ಎಂದು ಯೋಚಿಸುವವರು ಸರಾಗವಾಗಿ ಸಾಗುವ ಇಪ್ಪತ್ತು ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಸಂಜೆ ಮೀಟಿಂಗ್ ಮುಗಿಯದೆ ಕಾರು ತಪ್ಪಿಹೋಗುವ, ಮಗುವಿಗೆ ಜ್ವರವೆಂದು ಶಾಲೆಯಿಂದ ಫೋನು ಬರುವ, ಅಥವಾ ಇನ್ನೊಬ್ಬರ ಹಂಗಿನಲ್ಲಿ ಮುಜುಗರದಿಂದ ಕೂರಬೇಕಾಗುವ ಆ ಒಂದು ಕೆಟ್ಟ ದಿನವನ್ನು ನೆನೆದು ನಿರ್ಧಾರ ಮಾಡುತ್ತಾರೆ. ಉಳಿತಾಯ ಕಾಣುವುದು ತಿಂಗಳ ಕೊನೆಗೆ, ಅಳುಕು ಕಾಣುವುದು ಇಂದೇ. ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಾಗಲಿ ಕಚೇರಿಯಲ್ಲಾಗಲಿ ಗುಂಪು ಕಟ್ಟಬೇಕೆನ್ನುವವರು ಪ್ರತಿಯೊಂದು ನಿಯಮವನ್ನೂ ಆ ಕೆಟ್ಟ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು. ಕೆಳಗಿನ ಸಲಹೆಗಳೆಲ್ಲ ಆ ದೃಷ್ಟಿಯಿಂದ ಬರೆದವು.

ಪೋಸ್ಟರ್‌ನಿಂದ ಆರಂಭಿಸಬೇಡಿ

ಸಾಮಾನ್ಯವಾಗಿ ಇಂಥ ಕೆಲಸ ಶುರುವಾಗುವುದು ಲಿಫ್ಟಿನ ಪಕ್ಕದಲ್ಲಿ ಅಂಟಿಸಿದ ಪೋಸ್ಟರ್‌ನಿಂದ, ಇಲ್ಲವೇ ನೂರಾರು ಜನರಿರುವ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ, ಪರಿಸರ ಮತ್ತು ಇಂಧನ ಉಳಿತಾಯದ ಕುರಿತ ಒಂದು ಉದ್ದನೆಯ ಸಂದೇಶದಿಂದ. ಮೆಚ್ಚುಗೆಯ ಹೆಬ್ಬೆರಳುಗಳು ಬೇಕಾದಷ್ಟು ಬೀಳುತ್ತವೆ, ಮರುದಿನ ಬೆಳಿಗ್ಗೆ ಯಾರೂ ಬರುವುದಿಲ್ಲ. ಏರಿಯೆಲಾ ಕ್ರಿಸ್ಟಲ್ ಮತ್ತು ಆ್ಯಶ್ಲಿ ವಿಲನ್ಸ್ ಎಂಬ ಸಂಶೋಧಕರು ಯುರೋಪಿನ ಒಂದು ದೊಡ್ಡ ವಿಮಾನ ನಿಲ್ದಾಣದ ನೌಕರರ ನಡುವೆ ಇಂಥ ಐದು ಪ್ರಯೋಗಗಳನ್ನು ನಡೆಸಿದ್ದರು. ಕಾರ್‌ಪೂಲ್‌ಗೆ ಸೇರುವಂತೆ, ಒಬ್ಬೊಬ್ಬರೇ ಕಾರು ತರುವುದನ್ನು ಕಡಿಮೆ ಮಾಡುವಂತೆ ಪತ್ರ, ಇಮೇಲ್‌ಗಳ ಮೂಲಕ ಜಾಣ್ಮೆಯಿಂದ ಪ್ರೇರೇಪಿಸಿದರೂ ಜನರ ಅಭ್ಯಾಸ ಕದಲಲಿಲ್ಲವೆಂದು ಅವರು 2020ರಲ್ಲಿ ಪ್ರಕಟಿಸಿದರು. ಸೋತ ಪ್ರಯೋಗವನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ನಮ್ಮಂಥವರಿಗೆ ಎಷ್ಟೋ ಶ್ರಮ ಉಳಿಯಿತು.

ಅಭ್ಯಾಸ ಕದಲುವುದು ಬದುಕು ತಾನಾಗಿ ಕದಲಿದಾಗ. 2014ರ ಫೆಬ್ರವರಿಯಲ್ಲಿ ಲಂಡನ್ ಸುರಂಗ ರೈಲಿನ ನೌಕರರು ಎರಡು ದಿನ ಮುಷ್ಕರ ಹೂಡಿದಾಗ ಪ್ರಯಾಣಿಕರು ಅನಿವಾರ್ಯವಾಗಿ ಬೇರೆ ದಾರಿ ಹಿಡಿಯಬೇಕಾಯಿತು. ಮುಷ್ಕರ ಮುಗಿದ ಮೇಲೂ ನೂರಕ್ಕೆ ಸುಮಾರು ಐದು ಮಂದಿ ಹಳೆಯ ದಾರಿಗೆ ಮರಳಲಿಲ್ಲವೆಂಬುದನ್ನು ಅರ್ಥಶಾಸ್ತ್ರಜ್ಞರು ಟಿಕೆಟ್ ಕಾರ್ಡುಗಳ ದಾಖಲೆಯಿಂದಲೇ ಕಂಡುಕೊಂಡರು. ಮನೆ ಬದಲಿಸಿದವರ ಬಗ್ಗೆ ಬಾಸ್ ವರ್‌ಪ್ಲಾಂಕೆನ್ ಮತ್ತು ಡೆಬೊರಾ ರಾಯ್ ನಡೆಸಿದ ಅಧ್ಯಯನವೂ, ಹೊಸ ಮನೆಗೆ ಬಂದ ಮೊದಲ ಮೂರು ತಿಂಗಳಲ್ಲಿ ಹೊಸ ಅಭ್ಯಾಸಗಳನ್ನು ಬೆಳೆಸುವುದು ಸುಲಭವೆಂದು ಸೂಚಿಸುತ್ತದೆ.

ಆದ್ದರಿಂದ ಹತ್ತು ವರ್ಷದಿಂದ ಒಂದೇ ದಾರಿಯಲ್ಲಿ ಒಂದೇ ಕಾರು ಓಡಿಸುತ್ತಿರುವವರನ್ನು ಒಲಿಸುವುದರಲ್ಲಿ ಸಮಯ ಕಳೆಯುವ ಬದಲು, ಈಚೆಗೆ ಬಾಡಿಗೆಗೆ ಬಂದವರನ್ನು, ಹೊಸದಾಗಿ ಕೆಲಸಕ್ಕೆ ಸೇರಿದವರನ್ನು, ಕಂಪನಿ ಬೇರೆ ಕಟ್ಟಡಕ್ಕೆ ಹೋದದ್ದರಿಂದ ದಾರಿ ಬದಲಾದವರನ್ನು, ಇನ್ನು ಮುಂದೆ ವಾರಕ್ಕೆ ಮೂರು ದಿನ ಕಚೇರಿಗೆ ಬರಲೇಬೇಕೆಂಬ ಆದೇಶ ಪಡೆದವರನ್ನು ಹುಡುಕಿ ಮಾತಾಡಿಸಿ. ಶಾಲೆಗಳು ತೆರೆದು ಮನೆಯ ವೇಳಾಪಟ್ಟಿ ಹೇಗೂ ತಲೆಕೆಳಗಾಗುವ ಜೂನ್ ತಿಂಗಳು ಇದಕ್ಕೆ ಒಳ್ಳೆಯ ಕಾಲ.

ಕೇಳುವ ರೀತಿಯೂ ಮುಖ್ಯ. "ಯಾರಾದರೂ ಕಾರ್‌ಪೂಲ್‌ಗೆ ಬರುತ್ತೀರಾ?" ಎಂದು ಗುಂಪಿಗೆ ಕೇಳಿದರೆ ಉತ್ತರಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆ, "ಮೇಡಂ, ನೀವೂ ಬೆಳ್ಳಂದೂರಿಗೇ ಹೋಗೋದಲ್ವಾ? ನಾನು ಎಂಟು ಹತ್ತಕ್ಕೆ ಬಿ ಬ್ಲಾಕ್ ಗೇಟಿಂದ ಹೊರಡ್ತೀನಿ, ನಮ್ಮ ಜೊತೆ ಸಿ ಬ್ಲಾಕಿನ ಆಂಟಿನೂ ಇರ್ತಾರೆ. ಮಂಗಳವಾರ, ಗುರುವಾರ ಎರಡೇ ದಿನ ಬಂದು ನೋಡಿ, ಸರಿಹೋಗದಿದ್ರೆ ಬಿಟ್ಟುಬಿಡಿ" ಎಂದು ಹೇಳಿದರೆ ಹೊತ್ತು, ಜಾಗ, ಜೊತೆಗಾರರು ಮತ್ತು ಹೊರಬರುವ ದಾರಿ ನಾಲ್ಕೂ ಒಂದೇ ಮಾತಿನಲ್ಲಿ ತಿಳಿಯುತ್ತವೆ. ಕೊನೆಯದನ್ನು ಹೇಳಲು ಜನ ಹಿಂಜರಿಯುತ್ತಾರೆ. ಆದರೆ ಸುಲಭವಾಗಿ ಬಿಡಬಹುದೆಂಬ ಭರವಸೆ ಇದ್ದಾಗಲೇ ಸುಲಭವಾಗಿ ಸೇರಲು ಮನಸ್ಸು ಬರುತ್ತದೆ.

ಸಂಜೆಯ ಅಳುಕು

ಬೆಳಗಿನ ಪಯಣಕ್ಕೆ ಒಪ್ಪಿಸುವುದು ಅಷ್ಟೇನೂ ಕಷ್ಟವಲ್ಲ. ಎಲ್ಲ ಗುಂಪುಗಳೂ ಮುರಿಯುವುದು ಸಂಜೆಯ ಹೊತ್ತಿಗೆ. ಸ್ವಂತ ಕಾರು ಬೇಸ್‌ಮೆಂಟಿನಲ್ಲಿ ನಿಂತಿದೆ ಎಂಬುದು ಬರಿಯ ಅನುಕೂಲವಲ್ಲ, ಬೇಕೆಂದಾಗ ಎದ್ದು ಹೊರಡಬಹುದೆಂಬ ನೆಮ್ಮದಿ ಅದರ ಜೊತೆಗಿರುತ್ತದೆ. ವರ್ಷದಲ್ಲಿ ಎರಡು ಸಲವೂ ಹಾಗೆ ಎದ್ದು ಹೊರಡದವರೂ ಆ ನೆಮ್ಮದಿಗಾಗಿ ದಿನವೂ ಪೆಟ್ರೋಲ್ ಸುಡಲು ಸಿದ್ಧರಿರುತ್ತಾರೆ. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಅಷ್ಟೇ ನೆಮ್ಮದಿಯನ್ನು ಬೇರೆ ರೀತಿಯಲ್ಲಿ ಒದಗಿಸಿದರೆ ಸಾಕು.

ಅಮೆರಿಕದ ಅನೇಕ ನಗರಗಳಲ್ಲಿ ಕಾರ್‌ಪೂಲ್ ಮಾಡುವ ನೌಕರರಿಗೆ, ತುರ್ತು ಬಂದ ದಿನ ಮನೆ ತಲುಪಿಸುವ ಟ್ಯಾಕ್ಸಿಯ ಖರ್ಚನ್ನು ಸ್ಥಳೀಯ ಸಾರಿಗೆ ಸಂಸ್ಥೆಯೋ ಉದ್ಯೋಗದಾತರೋ ವರ್ಷಕ್ಕೆ ಇಂತಿಷ್ಟು ಸಲ ಎಂದು ಭರಿಸುವ ವ್ಯವಸ್ಥೆ ಇದೆ. ನೋಂದಾಯಿಸಿಕೊಂಡವರಲ್ಲಿ ಅದನ್ನು ನಿಜವಾಗಿ ಬಳಸುವವರು ಕಡಿಮೆಯಾದ್ದರಿಂದ ಅದು ದುಬಾರಿಯೂ ಆಗುವುದಿಲ್ಲ. ನಮ್ಮಲ್ಲಿ ಕಂಪನಿಯ ಎಚ್‌ಆರ್ ವಿಭಾಗ ಇದಕ್ಕೆ ಒಪ್ಪಿದರೆ ಒಳ್ಳೆಯದು, ಒಪ್ಪದಿದ್ದರೆ ಗುಂಪಿನವರೇ ತಿಂಗಳಿಗೆ ತಲಾ ₹200 ಹಾಕಿ ಒಂದು ಹುಂಡಿ ಇಟ್ಟುಕೊಳ್ಳಬಹುದು. ಕಾರು ತಪ್ಪಿಸಿಕೊಂಡವರು ಕಾರಣ ಹೇಳದೆ, ಯಾರ ಅನುಮತಿಯನ್ನೂ ಕೇಳದೆ ಆ ಹುಂಡಿಯಿಂದ ಆಟೊ ಅಥವಾ ಕ್ಯಾಬ್ ಖರ್ಚು ಪಡೆಯುವಂತಿರಬೇಕು. ಕಾರಣ ಕೇಳುವ ಹುಂಡಿ ಕಚೇರಿಯ ರಜೆ ಅರ್ಜಿಯಾಗಿಬಿಡುತ್ತದೆ, ಆಗ ಅದರಿಂದ ಯಾವ ಅಳುಕೂ ಕಳೆಯುವುದಿಲ್ಲ.

ಇದರ ಜೊತೆಗೆ ಬೆಳಿಗ್ಗೆ ಮತ್ತು ಸಂಜೆಯನ್ನು ಎರಡು ಬೇರೆ ನಿರ್ಧಾರಗಳಾಗಿ ನೋಡಿ. ಬೆಳಿಗ್ಗೆ ಒಂದೇ ಹೊತ್ತು ಸಾಕು. ಸಂಜೆಗೆ ಕನಿಷ್ಠ ಎರಡು ಹೊತ್ತುಗಳಿರಬೇಕು, ಉದಾಹರಣೆಗೆ 5.45 ಮತ್ತು 7.15. ಅದಕ್ಕೆ ಎರಡು ಕಾರು ಬೇಕು, ಎರಡು ಕಾರಿಗೆ ಏಳೆಂಟು ಜನ ಬೇಕು. ಮೂವರ ಗುಂಪು ಆತ್ಮೀಯವಾಗಿರುತ್ತದೆ ನಿಜ, ಆದರೆ ಒಬ್ಬರಿಗೆ ನೆಗಡಿಯಾದರೂ ಅದು ಕುಸಿಯುತ್ತದೆ. ಹಿಂದಿನ ರಾತ್ರಿ ಒಂಬತ್ತರೊಳಗೆ ಪ್ರತಿಯೊಬ್ಬರೂ ಗುಂಪಿನಲ್ಲಿ ಮರುದಿನದ ಬಗ್ಗೆ ತಿಳಿಸಬೇಕು, ಮತ್ತು "ಬೆಳಿಗ್ಗೆ ಬರುತ್ತೇನೆ, ಸಂಜೆ ಗೊತ್ತಿಲ್ಲ" ಎಂಬುದೂ ಒಂದು ಪೂರ್ಣ ಉತ್ತರವೆಂದು ಎಲ್ಲರೂ ಒಪ್ಪಿರಬೇಕು. "ಗೊತ್ತಿಲ್ಲ" ಎನ್ನುವುದಕ್ಕೆ ಜಾಗವಿಲ್ಲದ ಕಡೆ ಜನ "ಇಲ್ಲ" ಎಂದು ಬರೆದು ತಮ್ಮ ಕಾರು ತೆಗೆಯುತ್ತಾರೆ.

ಹಣವೂ ಹಂಗೂ

ಕಾರಿನ ಖರ್ಚನ್ನು ಕಾರಿನ ಯಜಮಾನರೇ ಸರಿಯಾಗಿ ಅರಿತಿರುವುದಿಲ್ಲ. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಜರ್ಮನಿಯ ಒಂದು ಸಮೀಕ್ಷೆಯಲ್ಲಿ, ಜನರು ತಮ್ಮ ಕಾರಿನ ಒಟ್ಟು ತಿಂಗಳ ಖರ್ಚನ್ನು ನಿಜಕ್ಕಿಂತ ಸುಮಾರು ಅರ್ಧದಷ್ಟು ಕಡಿಮೆಯೆಂದು ಭಾವಿಸಿದ್ದರು. ಇಂಧನದ ಬೆಲೆ ಮಾತ್ರ ಚೆನ್ನಾಗಿ ನೆನಪಿರುತ್ತದೆ, ಕಾರಿನ ಮೌಲ್ಯ ವರ್ಷವರ್ಷ ಇಳಿಯುವುದು, ವಿಮೆ, ರಿಪೇರಿ ಇವೆಲ್ಲ ಲೆಕ್ಕದಿಂದ ಜಾರುತ್ತವೆ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆಯನ್ನು ಕೊಳ್ಳುವಾಗಲೇ ಕಟ್ಟಿ ಮರೆತಿರುತ್ತೇವೆ. ಇಎಂಐ ಬ್ಯಾಂಕಿನಿಂದ ತಾನಾಗಿ ಹೋಗುತ್ತದೆ, ಅದು ನೆನಪಾದಾಗಲೂ "ಇಷ್ಟು ಕಟ್ಟುತ್ತಿದ್ದೇನೆ, ಓಡಿಸದೆ ನಿಲ್ಲಿಸಿದರೆ ನಷ್ಟವಲ್ಲವೇ" ಎಂಬ ತಿರುಗುಮುರುಗಾದ ವಾದವೇ ಹುಟ್ಟುತ್ತದೆ. ಕಿಲೋಮೀಟರಿಗೆ ನಿಜವಾಗಿ ಎಷ್ಟು ತಗಲುತ್ತದೆಂದು ಇಂಥವರಿಗೆ ಎಕ್ಸೆಲ್ ಹಾಳೆ ತೋರಿಸಿ ವಾದಿಸಬೇಡಿ. ಅವರಿಗೆ ಕಾಣುವ ಪೆಟ್ರೋಲನ್ನಷ್ಟೇ ಹಂಚಿಕೊಳ್ಳಿ.

ಲೆಕ್ಕ ಹೀಗಿರುತ್ತದೆ. ಒಂದು ಕಡೆಗೆ 22 ಕಿಲೋಮೀಟರಿನಂತೆ ದಿನಕ್ಕೆ 44 ಕಿಲೋಮೀಟರ್, ಟ್ರಾಫಿಕ್ಕಿನಲ್ಲಿ ಲೀಟರಿಗೆ 14 ಕಿಲೋಮೀಟರ್ ಮೈಲೇಜ್, ಲೀಟರ್ ಪೆಟ್ರೋಲಿಗೆ ₹103 ಎಂದಿಟ್ಟುಕೊಂಡರೆ ದಿನದ ಖರ್ಚು ಸುಮಾರು ₹324. ನಾಲ್ವರು ಹಂಚಿಕೊಂಡರೆ ತಲೆಗೆ ₹81. ಎಲ್ಲರ ಬಳಿಯೂ ಕಾರಿದ್ದರೆ ಹಣದ ಮಾತೇ ಬೇಡ, ವಾರಕ್ಕೊಬ್ಬರ ಸರದಿಯಂತೆ ಕಾರು ತಂದರೆ ಆಯಿತು, ನನ್ನ ಅನುಭವದಲ್ಲಿ ಇದಕ್ಕಿಂತ ಬಾಳಿಕೆ ಬರುವ ಏರ್ಪಾಡು ಬೇರೊಂದಿಲ್ಲ. ಕಾರಿಲ್ಲದವರು ಗುಂಪಿನಲ್ಲಿದ್ದರೆ ಅವರು ತಮ್ಮ ಪಾಲನ್ನು ತಿಂಗಳಿಗೊಮ್ಮೆ ಒಟ್ಟಾಗಿ ಯುಪಿಐ ಮೂಲಕ ಕೊಡಲಿ. ದಿನವೂ ಕಾರಿಂದ ಇಳಿಯುವಾಗ ಫೋನು ತೆಗೆದು ₹81 ಕಳಿಸುವ ಪದ್ಧತಿಯಲ್ಲಿ ನೆರೆಯವರು ಮೆಲ್ಲಗೆ ಗಿರಾಕಿಯಾಗುತ್ತಾರೆ, ಕಾರು ಓಡಿಸುವವರು ಡ್ರೈವರ್ ಆಗುತ್ತಾರೆ. ಎಸಿ ಹೆಚ್ಚಿಸಿ, ಇಲ್ಲೇ ತಿರುಗಿಸಿ ಎಂಬ ಮಾತುಗಳು ಆಮೇಲೆ ಬರುತ್ತವೆ. ಜೇಮ್ಸ್ ಹೇಮನ್ ಮತ್ತು ಡ್ಯಾನ್ ಏರಿಯಲಿ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಏನೂ ಕೊಡದೆ ಸಹಾಯ ಕೇಳಿದಾಗ ಪಟ್ಟಷ್ಟು ಶ್ರಮವನ್ನು ಜನ ಪುಡಿಗಾಸು ಕೊಟ್ಟು ಕೇಳಿದಾಗ ಪಡಲಿಲ್ಲ.

ಹಾಗೆಂದು ಹಣವನ್ನೇ ತೆಗೆದುಕೊಳ್ಳದಿರುವುದೂ ಸರಿಯಲ್ಲ. "ಅಯ್ಯೋ ಬಿಡಿ ಸಾರ್, ನಾನು ಹೇಗೂ ಹೋಗ್ತಿರ್ತೀನಿ" ಎನ್ನುವ ಧಾರಾಳಿಗಳ ಕಾರಿನಲ್ಲಿ ಎರಡು ವಾರ ಕುಳಿತವರು ಮೂರನೆಯ ವಾರ ಏನಾದರೊಂದು ನೆಪ ಹೇಳಿ ಬಿಡುತ್ತಾರೆ. ತೀರಿಸಲಾಗದ ಉಪಕಾರವನ್ನು ದಿನವೂ ಹೊರುವುದು ಯಾರಿಗೂ ಹಿತವಲ್ಲ. ಕಾರಿನ ಯಜಮಾನರು ಔದಾರ್ಯ ತೋರಬೇಕೆಂದಿದ್ದರೆ ತಮ್ಮ ಪಾಲಿನ ಹಣ ತೆಗೆದುಕೊಳ್ಳುವುದೇ ನಿಜವಾದ ಔದಾರ್ಯ.

ಇಲ್ಲಿ ಕಾನೂನಿನ ಎಚ್ಚರವೂ ಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಾಡಿಗೆಗೆ ಜನರನ್ನು ಒಯ್ಯಲು ಪರವಾನಗಿ ಬೇಕು, ಬಿಳಿ ಬೋರ್ಡಿನ ಖಾಸಗಿ ಕಾರಿಗೆ ಆ ಪರವಾನಗಿ ಇರುವುದಿಲ್ಲ. ಖಾಸಗಿ ಕಾರಿನ ವಿಮೆಯೂ ಬಾಡಿಗೆಯ ಬಳಕೆಗೆ ಅನ್ವಯಿಸುವುದಿಲ್ಲ. ಕೇಂದ್ರ ಸರ್ಕಾರ 2020ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು, ರಾಜ್ಯ ಸರ್ಕಾರ ನಿಷೇಧಿಸದಿದ್ದಲ್ಲಿ ಆ್ಯಪ್ ಮೂಲಕ ಖಾಸಗಿ ಕಾರಿನ ಸವಾರಿ ಹಂಚಿಕೊಳ್ಳಲು ಅವಕಾಶ ಕೊಟ್ಟು, ನಗರದೊಳಗೆ ದಿನಕ್ಕೆ ನಾಲ್ಕು ಮತ್ತು ನಗರಗಳ ನಡುವೆ ವಾರಕ್ಕೆ ಎರಡು ಸವಾರಿಗಳ ಮಿತಿ ಹಾಕಿತ್ತು. ಬೆಂಗಳೂರಿನಲ್ಲಿ ಟ್ಯಾಕ್ಸಿ ಸಂಘಟನೆಗಳು ಇಂಥ ಆ್ಯಪ್‌ಗಳನ್ನು ಬಲವಾಗಿ ವಿರೋಧಿಸಿ 2023ರಲ್ಲಿ ಈ ವಿಷಯ ದೊಡ್ಡ ಚರ್ಚೆಯಾಯಿತು. ಆದ್ದರಿಂದ ಪರಿಚಿತರ ನಡುವೆ, ಇಂಧನದ ಪಾಲಿಗಿಂತ ಒಂದು ರೂಪಾಯಿಯೂ ಹೆಚ್ಚಿಲ್ಲದಂತೆ ಹಂಚಿಕೊಳ್ಳುವುದು ಅಥವಾ ಸರದಿಯಂತೆ ಕಾರು ತರುವುದು ಲೇಸು. ಮನಶ್ಶಾಸ್ತ್ರದ ದೃಷ್ಟಿಯಿಂದ ಸರಿಯಾದದ್ದೇ ಇಲ್ಲಿ ಕಾನೂನಿನ ದೃಷ್ಟಿಯಿಂದಲೂ ಸುರಕ್ಷಿತವಾಗಿದೆ.

ಮಾತು, ಮೌನ, ಸುರಕ್ಷತೆ

ಹಂಗಿಲ್ಲದ ಸಹಪ್ರಯಾಣಕ್ಕೆ ಅತ್ಯುತ್ತಮ ಉದಾಹರಣೆ ಅಮೆರಿಕದ ವಾಷಿಂಗ್ಟನ್ನಿಗೆ ವರ್ಜೀನಿಯಾದ ಉಪನಗರಗಳಿಂದ ಹೋಗುವವರಲ್ಲಿ 1970ರ ದಶಕದಿಂದ ಬೆಳೆದು ಬಂದ, 'ಸ್ಲಗ್ಗಿಂಗ್' ಎಂದು ಕರೆಯಲಾಗುವ ಪದ್ಧತಿ. ಹೆದ್ದಾರಿಯ ವೇಗದ ಪಥಕ್ಕೆ ಪುಕ್ಕಟೆಯಾಗಿ ಹೋಗಬೇಕಾದರೆ ಕಾರಿನಲ್ಲಿ ಮೂವರಿರಬೇಕು. ಹಾಗಾಗಿ ಕಾರಿನವರು ಸಾಲಿನಲ್ಲಿ ಕಾಯುವ ಅಪರಿಚಿತರ ಬಳಿ ನಿಲ್ಲಿಸಿ, ತಾವು ಹೋಗುವ ಜಾಗ ಕೂಗಿ, ಇಬ್ಬರನ್ನು ಹತ್ತಿಸಿಕೊಂಡು ಹೊರಡುತ್ತಾರೆ. ಹಣ ಕೈಬದಲಾಗುವುದಿಲ್ಲ. ಕಾರಿನವರಿಗೆ ಪಥ ಸಿಗುತ್ತದೆ, ಹತ್ತಿದವರಿಗೆ ಸವಾರಿ ಸಿಗುತ್ತದೆ, ಯಾರು ಯಾರಿಗೂ ಋಣಿಯಲ್ಲ. ಓಡಿಸುವವರು ಮಾತು ಆರಂಭಿಸದ ಹೊರತು ಹತ್ತಿದವರು ಮಾತಾಡಬಾರದು, ಸಾಲಿನಲ್ಲಿ ಹೆಂಗಸೊಬ್ಬರನ್ನೇ ಒಂಟಿಯಾಗಿ ಬಿಟ್ಟು ಹೋಗಬಾರದು ಎಂಬ ಕಟ್ಟುಪಾಡುಗಳನ್ನು ಸರ್ಕಾರ ಹೇರಲಿಲ್ಲ, ಪ್ರಯಾಣಿಕರೇ ರೂಢಿಸಿಕೊಂಡರು.

ನಮ್ಮಲ್ಲಿ ಅಂಥ ಪಥವಿಲ್ಲ. ಅದಕ್ಕೆ ಹತ್ತಿರದ ಉಡುಗೊರೆಯೆಂದರೆ ಪಾರ್ಕಿಂಗ್. ಮೂವರು ಬರುವ ಕಾರಿಗೆ ಲಿಫ್ಟಿನ ಪಕ್ಕದಲ್ಲೇ ಜಾಗ ಕಾಯ್ದಿರಿಸುವಂತೆ ಟೆಕ್ ಪಾರ್ಕಿನ ಆಡಳಿತವನ್ನು ಒಪ್ಪಿಸಿದರೆ ಕಾರಿನವರೂ "ನೀವು ಬಂದದ್ದು ಉಪಕಾರವಾಯಿತು" ಎನ್ನುವ ಸ್ಥಿತಿ ಬರುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ಷಿಕಾಗೊದ ರೈಲು, ಬಸ್ ಪ್ರಯಾಣಿಕರ ಮೇಲೆ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಅಪರಿಚಿತರೊಡನೆ ಮಾತಾಡಿದರೆ ಪಯಣ ಕಿರಿಕಿರಿಯಾಗುತ್ತದೆಂದು ಊಹಿಸಲಾಗಿತ್ತು, ನಿಜವಾಗಿ ಮಾತಾಡಿದವರಿಗೆ ಅದು ಹಿತವಾಗಿತ್ತು. ಆದರೆ ಇದನ್ನು ಹಾಗೆಯೇ ನಮ್ಮ ಕಾರಿಗೆ ತರುವುದು ಅವಸರವಾದೀತು. ರೈಲಿನ ಅಪರಿಚಿತರು ಮತ್ತೆ ಸಿಗುವವರಲ್ಲ, ಸಿ ಬ್ಲಾಕಿನವರು ನಾಳೆಯೂ ಸಿಗುತ್ತಾರೆ. ಇಂದು ಮಾತಿಗೆಳೆದರೆ ನಾಳೆಯಿಂದ ದಿನವೂ ಮಾತಾಡಲೇಬೇಕಾಗುತ್ತದೆ ಎಂಬ ಭಯವೇ ಹೆಚ್ಚಿನವರದು. ಆದ್ದರಿಂದ ಮೌನವೇ ಸಾಮಾನ್ಯ ನಿಯಮ, ಇಯರ್‌ಫೋನ್ ಹಾಕಿಕೊಂಡರೆ ಅದು ಮುನಿಸಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಸಂಬಳ, ಮದುವೆ, ಮನೆ ಬಾಡಿಗೆ ಎಷ್ಟು ಎಂಬ ಪ್ರಶ್ನೆಗಳು ಕಾರಿನೊಳಗೆ ಬೇಡ. ತಮ್ಮದೇ ಮ್ಯಾನೇಜರ್ ಇರುವ ಕಾರಿನಲ್ಲಿ ಯಾರನ್ನೂ ಕೂರಿಸಬೇಡಿ, ಒಂದು ಗಂಟೆ ಕೆಲಸದ ಹೊತ್ತು ಹೆಚ್ಚಾದಂತೆ ಅವರಿಗೆ ಅನಿಸುತ್ತದೆ.

ಹೆಂಗಸರ ಅಳುಕು ಬೇರೆಯದೇ ತರದ್ದು, ಅದನ್ನು ಸಂಕೋಚದ ಜೊತೆಗೆ ಸೇರಿಸಿ ಹಗುರವಾಗಿ ನೋಡಬಾರದು. ಗುಂಪಿಗೆ ಬರುವವರ ಕಚೇರಿ ಗುರುತಿನ ಚೀಟಿ ಮತ್ತು ಮನೆ ಸಂಖ್ಯೆಯನ್ನು ಮೊದಲೇ ಖಚಿತಪಡಿಸಿಕೊಳ್ಳುವುದು, ಹತ್ತುವ ಜಾಗ ಕಾವಲುಗಾರರಿರುವ ಗೇಟಿನ ಒಳಗೇ ಇರುವುದು, ಹೊರಡುವಾಗ ಕಾರಿನ ಸಂಖ್ಯೆ ಗುಂಪಿನಲ್ಲಿ ಬೀಳುವುದು, ಲೊಕೇಶನ್ ಮನೆಯವರಿಗೆ ಹೋಗುವುದು ಇವೆಲ್ಲ ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ಅನ್ವಯವಾಗಬೇಕು. ಹೆಂಗಸರಿಗಷ್ಟೇ ಅನ್ವಯಿಸುವ ಎಚ್ಚರಿಕೆಗಳು ಕೇಳುವವರನ್ನೇ ಅನುಮಾನದ ಕಟಕಟೆಯಲ್ಲಿ ನಿಲ್ಲಿಸುತ್ತವೆ. ಇಂಥವರ ಕಾರು ಬೇಡ ಎಂದು ಯಾರಾದರೂ ಹೇಳಿದರೆ ಕಾರಣ ಕೇಳದೆ ಬದಲಿಸಿಕೊಡಿ. ಹೆಂಗಸರಷ್ಟೇ ಇರುವ ಕಾರು ಬೇಕೆಂದರೆ ಅದನ್ನೂ ಮಾಡಿಕೊಡಿ.

ತಡವಾಗಿ ಬರುವವರು

"ಎರಡೇ ನಿಮಿಷ, ಲಿಫ್ಟ್‌ನಲ್ಲಿದ್ದೇನೆ" ಎಂಬ ಸಂದೇಶವನ್ನು ಮನೆಯೊಳಗೆ ಷೂ ಹುಡುಕುತ್ತ ಕಳಿಸುವವರು ಪ್ರತಿ ಗುಂಪಿನಲ್ಲೂ ಇದ್ದೇ ಇರುತ್ತಾರೆ. ದಂಡ ಹಾಕುವ ಯೋಚನೆ ಎಲ್ಲರಿಗೂ ಮೊದಲು ಬರುತ್ತದೆ. ಯೂರಿ ನೀಜಿ ಮತ್ತು ಆಲ್ಡೊ ರುಸ್ಟಿಕೀನಿ ಇಸ್ರೇಲಿನ ಹೈಫಾದಲ್ಲಿ ಹತ್ತು ಶಿಶುಪಾಲನಾ ಕೇಂದ್ರಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅಂಥವರಿಗೆ ಹೇಳಬೇಕು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಆರು ಕೇಂದ್ರಗಳಲ್ಲಿ ದಂಡ ವಿಧಿಸಿದಾಗ ತಡವಾಗಿ ಬರುವವರ ಸಂಖ್ಯೆ ಹೆಚ್ಚಾಯಿತು, ದಂಡ ತೆಗೆದ ಮೇಲೂ ಇಳಿಯಲಿಲ್ಲ. ಹಣ ಕೊಟ್ಟ ಮೇಲೆ ತಡ ಮಾಡುವುದು ಕೊಂಡ ಹಕ್ಕಾಯಿತು.

ದಂಡದ ಬದಲು ಗೇಟಿನ ಬಳಿ ಮೂರು ನಿಮಿಷ ಕಾಯಿರಿ, ಆಮೇಲೆ ಹೊರಟುಬಿಡಿ. ಬಿಟ್ಟು ಹೋದವರು ಕ್ಷಮೆ ಕೇಳುವುದಿಲ್ಲ, ಬಿಡಲ್ಪಟ್ಟವರು ವಿವರಣೆ ಕೊಡುವುದಿಲ್ಲ, ಮರುದಿನ ಅದರ ಪ್ರಸ್ತಾಪ ಬರುವುದಿಲ್ಲ. ಮೊದಲ ವಾರದಲ್ಲೇ ಒಮ್ಮೆ ಹೀಗೆ ಹೊರಟು ತೋರಿಸುವುದು ಅಗತ್ಯ, ಆರು ತಿಂಗಳು ದಾಕ್ಷಿಣ್ಯಕ್ಕೆ ಕಾದು ಏಳನೆಯ ತಿಂಗಳು ಬಿಟ್ಟು ಹೋದರೆ ಅದು ನಿಯಮವಾಗಿ ಕಾಣದೆ ಜಗಳವಾಗಿ ಕಾಣುತ್ತದೆ. ಹತ್ತುವ ಜಾಗಗಳನ್ನೂ ಆದಷ್ಟು ಒಂದಕ್ಕೇ ಸೀಮಿತಗೊಳಿಸಿ. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತದ್ದನ್ನು ಮರೆಯುವವರು ಯಾರನ್ನೋ ಹತ್ತಿಸಿಕೊಳ್ಳಲು ಒಳರಸ್ತೆಗೆ ತಿರುಗಿದ ನಾಲ್ಕು ನಿಮಿಷವನ್ನು ವರ್ಷವೆಲ್ಲ ನೆನಪಿಡುತ್ತಾರೆ.

ಮೂರು ತಿಂಗಳಿಗೊಮ್ಮೆ ಗುಂಪಿನ ಪಟ್ಟಿಯನ್ನು ಹೊಸದಾಗಿ ಬರೆಯಿರಿ, ಮುಂದುವರಿಯುವವರು ಮಾತ್ರ ಹೆಸರು ಸೇರಿಸಲಿ. ಬಿಡಬೇಕೆಂದಿರುವವರು ಆಗ ಸುಮ್ಮನೆ ಹೆಸರು ಸೇರಿಸದಿದ್ದರಾಯಿತು, ನೆಪ ಹುಡುಕಬೇಕಾಗಿಲ್ಲ. ಪಟ್ಟಿ ಬರೆಯುವಾಗಲೆಲ್ಲ ಕಾರೇ ಬೇಕೇ ಎಂದೂ ಕೇಳಿಕೊಳ್ಳಿ. 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡ ಮೆಟ್ರೊದ ನೇರಳೆ ಮಾರ್ಗ, 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಆರಂಭವಾದ ಹಳದಿ ಮಾರ್ಗ ಇವುಗಳ ಆಸುಪಾಸಿನಲ್ಲಿ ಮನೆ ಮತ್ತು ಕಚೇರಿ ಎರಡೂ ಇರುವವರಿಗೆ ಮೆಟ್ರೊ ಸಿಕ್ಕಿದೆ, ಸಂಜೆ ಕಾರು ತಪ್ಪುವ ಚಿಂತೆ ಅಲ್ಲಿಲ್ಲ. ಅಂಥವರನ್ನು ಗುಂಪಿನಲ್ಲಿ ಉಳಿಸಿಕೊಳ್ಳಲು ಹೋಗಬೇಡಿ. ಮನೆಯಿಂದ ಸ್ಟೇಷನ್ನಿನವರೆಗಿನ ಆಟೊವನ್ನು ಹಂಚಿಕೊಳ್ಳಲು ಅವರಿಗೇ ಬೇರೊಂದು ಪಟ್ಟಿ ಮಾಡಿಕೊಡಿ.